ಪುದೀನಕ್ಕೆ ಒಂದು ಲೆಕ್ಕ, ರೋಸ್‌ಮೆರಿಗೆ ಇನ್ನೊಂದು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಕೈತೋಟದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೋದ ತಿಂಗಳು ಅದರಲ್ಲಿ ಪರಿಮಳದ ಗಿಡಗಳ ಬಗ್ಗೆ ಒಂದು ಲೇಖನ ಬಂದಿತ್ತು. ರಾಸಾಯನಿಕ ಗೊಬ್ಬರ ಹಾಕಿದರೆ ಗಿಡದ ಪರಿಮಳ ಸತ್ತೇ ಹೋಗುತ್ತದೆ, ಸಾವಯವ ಹಾಕಿದರೆ ಘಮಘಮ ಎನ್ನುತ್ತದೆ ಎಂಬುದು ಅದರ ಸಾರ. ಮುಂದಿನ ವಾರವೇ ಓದುಗರೊಬ್ಬರು ಕೆರಳಿ ಬರೆದರು. ಗಿಡಕ್ಕೆ ಬೇಕಿರುವುದು ಸಾರಜನಕ, ಅದು ಯಾವ ಚೀಲದಿಂದ ಬಂದರೇನು, ಸಾವಯವ ಎನ್ನುವುದೆಲ್ಲ ಬರೀ ಫ್ಯಾಷನ್ ಎಂದು. ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಆದರೆ ಇಬ್ಬರೂ ತಮ್ಮ ಅರ್ಧವನ್ನೇ ಪೂರ್ತಿ ಅಂದುಕೊಂಡಿದ್ದಾರೆ.

ನಾನು ಎಣ್ಣೆ ತೆಗೆಯುವ ಸಣ್ಣ ಭಟ್ಟಿ ನಡೆಸುವವನು. ನಿಂಬೆ ಹುಲ್ಲು, ಪುದೀನ, ತುಳಸಿ, ಹೀಗೆ ಪರಿಮಳ ಇರುವ ಸೊಪ್ಪನ್ನು ಬೆಳೆಗಾರರು ತಂದು ಸುರಿಯುತ್ತಾರೆ. ಅದಕ್ಕೆ ಹಬೆ ಹಾಯಿಸಿ ಎಣ್ಣೆ ಇಳಿಸಿಕೊಡುವುದು ನನ್ನ ಕೆಲಸ. ಯಾರ ಹೊಲದ ಸೊಪ್ಪು, ಅದಕ್ಕೆ ಯಾವ ಗೊಬ್ಬರ, ಎಷ್ಟು ತೂಕಕ್ಕೆ ಎಷ್ಟು ಎಣ್ಣೆ ಬಂತು, ಎಲ್ಲವೂ ನನ್ನ ಪುಸ್ತಕದಲ್ಲಿ ಇರುತ್ತದೆ. ನನ್ನ ಮೂಗಿಗಿಂತ ಆ ಪುಸ್ತಕವನ್ನೇ ನಾನು ಜಾಸ್ತಿ ನಂಬುತ್ತೇನೆ.

ಮೊದಲು ಈ ಪರಿಮಳ ಎಲ್ಲಿರುತ್ತದೆ ಅಂತ ನೋಡೋಣ. ಪುದೀನದ ಒಂದು ಎಲೆ ಕಿತ್ತು ಮಗುಚಿ, ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಎಲೆಯ ಕೆಳಮೈಯಲ್ಲಿ ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆ ತುಂಬಿದ ಗ್ರಂಥಿಗಳು. ಉಗುರು ತಾಗಿದರೆ ಸಾಕು, ಒಡೆದು ವಾಸನೆ ಬರುತ್ತದೆ. ತುಳಸಿ, ಕಾಮಕಸ್ತೂರಿ, ಥೈಮ್, ರೋಸ್‌ಮೆರಿ, ದೊಡ್ಡಪತ್ರೆ, ಎಲ್ಲವೂ ಇದೇ ಬಳಗ. ನಿಂಬೆ ಹುಲ್ಲಿನದು ಬೇರೆ ದಾರಿ. ಅದು ಎಣ್ಣೆಯನ್ನು ಎಲೆಯ ಒಳಗಿನ ಕೋಶಗಳಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಹುಲ್ಲನ್ನು ಸುಮ್ನೆ ಸವರಿದರೆ ಅಷ್ಟಾಗಿ ವಾಸನೆ ಬರುವುದಿಲ್ಲ, ಹಿಸುಕಬೇಕು.

ಈಗ ಆ ಎಣ್ಣೆಯೊಳಗೆ ಏನಿದೆ? ಪುದೀನದ ತಂಪಿಗೆ ಮೆಂಥಾಲ್, ನಿಂಬೆ ಹುಲ್ಲಿಗೆ ಸಿಟ್ರಾಲ್, ಥೈಮಿಗೆ ಥೈಮಾಲ್, ತುಳಸಿಯ ಖಾರಕ್ಕೆ ಯೂಜಿನಾಲ್, ಕಾಮಕಸ್ತೂರಿಗೆ ಲಿನಲೂಲ್. ಈ ಐದರಲ್ಲೂ ಒಂದೊಂದು ಅಣುವಿಗೆ ಹತ್ತು ಇಂಗಾಲ, ಜೊತೆಗೆ ಜಲಜನಕ, ಒಂದೆರಡು ಆಮ್ಲಜನಕ. ಅಷ್ಟೇ. ಸಾರಜನಕದ ಸುಳಿವೇ ಇಲ್ಲ. ಅಂದರೆ ನೀವು ಬುಡಕ್ಕೆ ಹಾಕುವ ಯೂರಿಯಾ ಆಗಲಿ, ಎರೆಗೊಬ್ಬರ ಆಗಲಿ, ಅದರ ಸಾರಜನಕ ಪರಿಮಳವಾಗಿ ಬದಲಾಗುವುದೇ ಇಲ್ಲ. ಪರಿಮಳಕ್ಕೆ ಬೇಕಾದ ಇಂಗಾಲವನ್ನು ಗಿಡ ಬಿಸಿಲಲ್ಲಿ ನಿಂತು ಗಾಳಿಯಿಂದ ಹೀರಿಕೊಳ್ಳುತ್ತದೆ. ಗೊಬ್ಬರದ ಸಾರಜನಕ ಹೋಗುವುದು ಎಲೆ ಕಟ್ಟುವುದಕ್ಕೆ, ಹಸಿರು ತುಂಬುವುದಕ್ಕೆ, ಎಣ್ಣೆ ತಯಾರಿಸುವ ಕಿಣ್ವಗಳಿಗೆ. ಹಾಗಾಗಿ ಸಾರಜನಕ ತೀರಾ ಇಲ್ಲದಿದ್ದರೆ ಎಲೆಯೂ ಇಲ್ಲ, ಎಣ್ಣೆಯೂ ಇಲ್ಲ. ಅತಿಯಾದರೆ ಗಿಡ ಇಂಗಾಲವನ್ನೆಲ್ಲ ಮೈ ಬೆಳೆಸುವುದಕ್ಕೇ ಖರ್ಚು ಮಾಡುತ್ತದೆ. ಎಲೆ ದೊಡ್ಡದಾಗುತ್ತದೆ, ನೀರು ತುಂಬಿಕೊಳ್ಳುತ್ತದೆ, ಎಣ್ಣೆ ಆ ವೇಗಕ್ಕೆ ಏರುವುದಿಲ್ಲ. ಅದೇ ಒಂದು ಚಮಚ ಸಕ್ಕರೆಗೆ ಇನ್ನೊಂದು ಲೋಟ ನೀರು ಸುರಿದ ಹಾಗೆ.

ಇದು ನನ್ನ ಭಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ನಿಂಬೆ ಹುಲ್ಲಿನಲ್ಲಿ 100 ಕಿಲೋ ಹಸಿ ಹುಲ್ಲಿಗೆ ಅರ್ಧ ಕಿಲೋ ಆಸುಪಾಸು ಎಣ್ಣೆ ಬಂದರೆ ಒಳ್ಳೆಯದು ಅನ್ನುತ್ತೇವೆ. ಯೂರಿಯಾ ಚೆನ್ನಾಗಿ ಸುರಿದ ಹೊಲದ ಹುಲ್ಲು ನೋಡುವುದಕ್ಕೇ ಬೇರೆ. ಕಡು ಹಸಿರು, ಎದೆಯೆತ್ತರ, ಮುರಿದರೆ ಟಕ್ ಅನ್ನುವಷ್ಟು ರಸ. ಕಟ್ಟು ಎತ್ತಿದರೆ ಭಾರ. ಬೆಳೆಗಾರ ನಗುತ್ತಾ ಇಳಿಸುತ್ತಾನೆ. ಹಬೆ ಹಾಯಿಸಿ, ತಂಪಾಗಿ ಇಳಿಯುವ ನೀರಿನ ಮೇಲೆ ಹಳದಿ ಎಣ್ಣೆ ತೇಲುವುದನ್ನು ನೋಡಿದಾಗ ಆ ನಗು ಸ್ವಲ್ಪ ಕರಗುತ್ತದೆ. ಅಷ್ಟು ದೊಡ್ಡ ಹೊರೆಗೆ ಇಷ್ಟೇನಾ ಅಂತ ಕೇಳುತ್ತಾನೆ. ಹದವಾಗಿ ಗೊಬ್ಬರ ಕಂಡ ಹುಲ್ಲಿನ ಹೊರೆ ಚಿಕ್ಕದು, ಆದರೆ ಕಿಲೋ ಲೆಕ್ಕದಲ್ಲಿ ಎಣ್ಣೆ ಜಾಸ್ತಿ.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ, ನಿಮ್ಮ ಲೇಖಕರು ಬಿಟ್ಟಿದ್ದು ಇದನ್ನೇ. ಕಿಲೋ ಲೆಕ್ಕ ಬಿಟ್ಟು ಹೊಲದ ಲೆಕ್ಕ ಹಾಕಿದರೆ, ಒಂದು ಮಟ್ಟದ ತನಕ ಸಾರಜನಕ ಹಾಕಿದವನೇ ಗೆಲ್ಲುತ್ತಾನೆ. ಎಣ್ಣೆಯ ಪ್ರಮಾಣ ಸ್ವಲ್ಪ ಇಳಿದರೂ ಹುಲ್ಲೇ ಅಷ್ಟೊಂದು ಬೆಳೆದಿರುತ್ತದಲ್ಲ, ಒಟ್ಟು ಎಣ್ಣೆ ಜಾಸ್ತಿಯೇ ಆಗುತ್ತದೆ. ಪುದೀನದಲ್ಲೂ ಹಾಗೇ. ಆದ್ದರಿಂದ ಯಾರಿಗೆ ಏನು ಬೇಕು ಅನ್ನುವುದರ ಮೇಲೆ ಉತ್ತರ ನಿಂತಿದೆ. ಎಣ್ಣೆ ಮಾರುವವನಿಗೆ ಒಟ್ಟು ಎಣ್ಣೆ ಮುಖ್ಯ. ಕಟ್ಟು ಮಾರುವವನಿಗೆ ತೂಕ ಮುಖ್ಯ. ಮನೆಯಲ್ಲಿ ಎರಡು ಕುಂಡ ಇಟ್ಟುಕೊಂಡವರಿಗೆ ಕಿತ್ತ ನಾಲ್ಕು ಎಲೆಯಲ್ಲಿ ಎಷ್ಟು ಪರಿಮಳ ಇದೆ ಅನ್ನುವುದು ಮುಖ್ಯ. ಮೂವರಿಗೂ ಒಂದೇ ಉಪದೇಶ ಕೊಟ್ಟರೆ ಹೇಗೆ?

ಇನ್ನು ಸಾವಯವದ ಕಡೆ ಬರೋಣ. ನನ್ನ ಹತ್ತಿರ ಬರುವ ಬೆಳೆಗಾರರಲ್ಲಿ ಒಂದು ಚಮಚ ಯೂರಿಯಾ ಮುಟ್ಟದವರೂ ಇದ್ದಾರೆ. ಅವರಲ್ಲೊಬ್ಬರು ಕೋಳಿ ಗೊಬ್ಬರವನ್ನು ಧಾರಾಳವಾಗಿ ಸುರಿಯುತ್ತಾರೆ. ಅವರ ಹುಲ್ಲು ಯೂರಿಯಾ ಹುಲ್ಲಿನ ಅಣ್ಣನೇ. ಅದೇ ಎತ್ತರ, ಅದೇ ನೀರು, ಅದೇ ತೆಳು ಎಣ್ಣೆ. ಮೇಲಿಂದ ಎಳೆ ಸುಳಿಗಳ ತುಂಬ ಹೇನು. ಮೆತ್ತಗಿನ ರಸದ ಚಿಗುರು ಎಲ್ಲಿದೆಯೋ ಅಲ್ಲಿ ಹೇನಿಗೆ ಹಬ್ಬ. ಸಾವಯವ ಅಂತ ಅದೇನೂ ಬಿಟ್ಟು ಹೋಗುವುದಿಲ್ಲ.

ಕಾರಣ ಸರಳ. ಬೇರು ಸಾರಜನಕವನ್ನು ಮುಖ್ಯವಾಗಿ ಎರಡೇ ರೂಪದಲ್ಲಿ ಹೀರುತ್ತದೆ, ನೈಟ್ರೇಟ್ ಮತ್ತು ಅಮೋನಿಯಂ. ಸಗಣಿಯಲ್ಲಿರುವುದೂ, ಹಿಂಡಿಯಲ್ಲಿರುವುದೂ, ಯೂರಿಯಾದಲ್ಲಿರುವುದೂ ಮಣ್ಣಿನ ಜೀವಾಣುಗಳ ಕೈಗೆ ಸಿಕ್ಕಿ ಕೊನೆಗೆ ಈ ರೂಪಕ್ಕೇ ಬರಬೇಕು. ದನದ ಗಂಜಲದಲ್ಲಿ ಇರುವ ಯೂರಿಯಾಕ್ಕೂ ಕಾರ್ಖಾನೆಯ ಯೂರಿಯಾಕ್ಕೂ ಅಣುವಿನಲ್ಲಿ ವ್ಯತ್ಯಾಸವೇ ಇಲ್ಲ. ಜರ್ಮನಿಯ ಫ್ರೆಡ್ರಿಕ್ ವೋಲರ್ 1828ರಲ್ಲೇ ಜೀವಿಯ ಸಹಾಯ ಇಲ್ಲದೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ್ದ. ಇಷ್ಟರ ಮಟ್ಟಿಗೆ ಕೆರಳಿ ಬರೆದ ಓದುಗರ ಮಾತು ಸರಿ.

ಹಾಗಾದರೆ ನಾನು ಯೂರಿಯಾ ಪಕ್ಷವಾ? ಅಲ್ಲ. ನನ್ನದೇ ಹುಲ್ಲಿನ ತುಂಡು ಜಾಗಕ್ಕೆ ಹೋಗುವುದು ಕಳಿತ ಕೊಟ್ಟಿಗೆ ಗೊಬ್ಬರ, ಜೊತೆಗೆ ಸ್ವಲ್ಪ ಬೇವಿನ ಹಿಂಡಿ. ಯಾಕೆ ಅಂತ ಅಂಕಿ ಹಾಕಿಯೇ ಹೇಳುತ್ತೇನೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಸುಮಾರು 0.5 ಅಷ್ಟೇ. ಎರೆಗೊಬ್ಬರದಲ್ಲಿ ಒಂದೂವರೆ ಆಸುಪಾಸು, ಬೇವಿನ ಹಿಂಡಿಯಲ್ಲಿ ಹೆಚ್ಚುಕಡಿಮೆ ಐದು. ಅಂದರೆ 100 ಗ್ರಾಂ ಯೂರಿಯಾದಲ್ಲಿರುವ ಸಾರಜನಕಕ್ಕೆ ಸುಮಾರು 9 ಕಿಲೋ ಕೊಟ್ಟಿಗೆ ಗೊಬ್ಬರ ಬೇಕು. ಕೈ ಸ್ವಲ್ಪ ಜಾರಿ ಒಂದು ಹಿಡಿ ಯೂರಿಯಾ ಜಾಸ್ತಿ ಬಿತ್ತು ಅನ್ನಿ, ಗಿಡ ಸುಟ್ಟೇ ಹೋಗಬಹುದು. ಕೊಟ್ಟಿಗೆ ಗೊಬ್ಬರ ಒಂದು ಬುಟ್ಟಿ ಜಾಸ್ತಿ ಬಿದ್ದರೆ ಹುಲ್ಲಿಗೆ ಗೊತ್ತೂ ಆಗುವುದಿಲ್ಲ. ಯೂರಿಯಾದ ಸಾರಜನಕ ಕೆಲವೇ ದಿನದಲ್ಲಿ ಬೇರಿಗೆ ಸಿಗುತ್ತದೆ, ಇಲ್ಲವೇ ಅಮೋನಿಯ ಆಗಿ ಗಾಳಿಗೆ ಹೋಗುತ್ತದೆ, ನೈಟ್ರೇಟ್ ಆಗಿ ಮಳೆ ನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ. ಕೊಟ್ಟಿಗೆ ಗೊಬ್ಬರದ್ದು ಮಣ್ಣು ಬೆಚ್ಚಗೆ, ತೇವವಾಗಿ ಇದ್ದಾಗ ತುಸು ತುಸುವೇ ಬಿಡುಗಡೆ ಆಗುತ್ತದೆ. ಗಿಡ ಬೆಳೆಯುವುದೂ ಅದೇ ಹೊತ್ತಲ್ಲಿ. ಪರಿಮಳದ ಗಿಡಕ್ಕೆ ಬೇಕಿರುವುದು ಈ ನಿಧಾನವೇ.

ಇನ್ನೊಂದು ಕಾರಣ ಮಣ್ಣು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಒಂದು ಗೋಧಿ ಹೊಲದ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಕೊಟ್ಟಿಗೆ ಗೊಬ್ಬರದ ಪಟ್ಟಿಯೂ ರಾಸಾಯನಿಕ ಗೊಬ್ಬರದ ಪಟ್ಟಿಯೂ ಬಹುಕಾಲ ಹತ್ತಿರ ಹತ್ತಿರದ ಇಳುವರಿಯನ್ನೇ ಕೊಟ್ಟವು. ಆದರೆ ಏನೂ ಹಾಕದ ಪಟ್ಟಿಗೆ ಹೋಲಿಸಿದರೆ ಕೊಟ್ಟಿಗೆ ಗೊಬ್ಬರ ಬಿದ್ದ ಮಣ್ಣಿನ ಸಾವಯವ ಇಂಗಾಲ ಎರಡು ಪಟ್ಟಿಗೂ ಮೀರಿತು. ರಾಸಾಯನಿಕ ಪಟ್ಟಿಯಲ್ಲಿ ಅಂಥ ಏರಿಕೆ ಕಾಣಲಿಲ್ಲ. ಗೋಧಿಗೆ ಪರಿಮಳದ ಗೊಡವೆ ಇಲ್ಲ, ನಿಜ. ಆದರೆ ಮಣ್ಣು ಮಣ್ಣೇ ಅಲ್ವಾ? ಇಂಗಾಲ ಇರುವ ಮಣ್ಣು ನೀರು ಹಿಡಿಯುತ್ತದೆ, ಹಾಗೆಯೇ ಹೆಚ್ಚಿನ ನೀರನ್ನು ಬಸಿದು ಬಿಡುತ್ತದೆ. ಬೇರಿಗೆ ಉಸಿರಾಡಲು ಸಂದು ಇರುತ್ತದೆ. ಇದನ್ನು ಯಾವ ಉಪ್ಪಿನ ರೂಪದ ಗೊಬ್ಬರವೂ ಮಾಡಿಕೊಡುವುದಿಲ್ಲ. ಸತು, ಬೋರಾನ್, ಮ್ಯಾಂಗನೀಸ್ ಮುಂತಾದ ಚೂರುಪಾರು ಪೋಷಕಗಳೂ ಕೊಟ್ಟಿಗೆ ಗೊಬ್ಬರದ ಜೊತೆಗೇ ಬರುತ್ತವೆ.

ಇಷ್ಟೆಲ್ಲ ನೆಲದ ಮಾತು. ಕುಂಡಕ್ಕೆ ಬಂದರೆ ನಾನು ಮಾತು ಬದಲಿಸುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ.

ಕುಂಡದಲ್ಲಿ ಇರುವುದು ಬೊಗಸೆ ಮಣ್ಣು. ಎಷ್ಟೋ ಕುಂಡಗಳಲ್ಲಿ ಅದೂ ಇಲ್ಲ, ಬರೀ ತೆಂಗಿನ ನಾರಿನ ಪುಡಿ. ಅದರಲ್ಲಿ ಪೋಷಕವೂ ಕಡಿಮೆ, ಗೊಬ್ಬರವನ್ನು ಕರಗಿಸಿ ಕೊಡುವ ಜೀವಾಣುಗಳೂ ಕಡಿಮೆ. ಅಲ್ಲಿಗೆ ಹಿಂಡಿ ಹಾಕಿ ಕೂತರೆ ಅದು ಬೂಸಲು ಹಿಡಿದು ನಾರುತ್ತದೆಯೇ ಹೊರತು ಪುದೀನಕ್ಕೆ ಹೊತ್ತಿಗೆ ಸರಿಯಾಗಿ ಊಟ ಸಿಗುವುದಿಲ್ಲ. ಎಲೆ ಬುಡದಿಂದ ಹಳದಿಯಾಗುತ್ತಾ ಬರುತ್ತದೆ. ಇಂಥ ಕುಂಡಕ್ಕೆ ನೀರಲ್ಲಿ ಪೂರ್ತಿ ಕರಗುವ 19:19:19 ಬಗೆಯ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರವನ್ನು ಲೀಟರಿಗೆ 1 ಗ್ರಾಂ ಮೀರದಂತೆ ತೆಳ್ಳಗೆ ಕರಗಿಸಿ, ಎರಡು ವಾರಕ್ಕೊಮ್ಮೆ ಕೊಡುವುದರಲ್ಲಿ ಯಾವ ಪಾಪವೂ ಇಲ್ಲ. ಮಣ್ಣು ಒಣಗಿದ್ದಾಗ ಮಾತ್ರ ಕೊಡಬೇಡಿ. ಮೊದಲು ಬರೀ ನೀರು, ಆಮೇಲೆ ಇದು. ಯೂರಿಯಾ ಮಾತ್ರ ಕುಂಡದ ಹತ್ತಿರ ಸುಳಿಯುವುದೇ ಬೇಡ.

ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದ್ದನ್ನು ನೀವು ನೋಡಿರುತ್ತೀರಿ. ಅದು ಉಪ್ಪು, ಗೊಬ್ಬರದ್ದೂ ಇರಬಹುದು, ನೀರಿನದ್ದೂ ಇರಬಹುದು. ಅದರ ಜೊತೆ ಎಲೆಯ ತುದಿ, ಅಂಚು ಕಂದು ಬಣ್ಣಕ್ಕೆ ಒಣಗುತ್ತಿದ್ದರೆ ಗೊಬ್ಬರ ನಿಲ್ಲಿಸಿ. ತಳದ ತೂತಿನಿಂದ ಹರಿದು ಹೋಗುವಷ್ಟು ಬರೀ ನೀರು ಹುಯ್ದು ತೊಳೆಯಿರಿ. ಹಾಂ, ಎರೆಗೊಬ್ಬರದಲ್ಲೂ ಉಪ್ಪು ಇರುತ್ತದೆ. ಕುಂಡದ ತುಂಬ ಬರೀ ಎರೆಗೊಬ್ಬರ ತುಂಬಿ ಬೀಜ ಹಾಕಿದರೆ ಮೊಳಕೆಗೇ ಕಷ್ಟ. ಒಟ್ಟು ಮಿಶ್ರಣದಲ್ಲಿ ಐದನೇ ಒಂದು ಭಾಗ ಇದ್ದರೆ ಧಾರಾಳ ಆಯಿತು.

ಗಿಡದ ಜಾತಿ ನೋಡದೆ ಗೊಬ್ಬರದ ಮಾತಾಡುವುದೇ ದೊಡ್ಡ ತೊಂದರೆ. ಪುದೀನ, ಕೊತ್ತಂಬರಿ, ಕಾಮಕಸ್ತೂರಿ, ಇವು ಹೊಟ್ಟೆಬಾಕ ಗಿಡಗಳು. ಮತ್ತೆ ಮತ್ತೆ ಕೊಯ್ಯುತ್ತೇವೆ, ಕೊಯ್ದಾಗಲೆಲ್ಲ ಸಾರಜನಕವನ್ನೂ ಕೊಂಡೊಯ್ಯುತ್ತೇವೆ. ಅದನ್ನು ವಾಪಸು ಕೊಡಲೇಬೇಕು. ಕೊಡದಿದ್ದರೆ ಎಲೆ ಚಿಕ್ಕದಾಗಿ ಗಿಡ ಬೇಗ ಹೂವಿಗೆ ಓಡುತ್ತದೆ. ನಿಂಬೆ ಹುಲ್ಲಿಗೆ ಪ್ರತಿ ಕೊಯ್ಲಿನ ನಂತರ ಒಂದು ಸುತ್ತು ಗೊಬ್ಬರ. ತುಳಸಿ ನಡುವಿನದು, ನೆಟ್ಟಾಗ ಒಂದಿಷ್ಟು, ಕವಲು ಚಿವುಟಿದಾಗ ಒಂದಿಷ್ಟು.

ರೋಸ್‌ಮೆರಿ, ಥೈಮ್, ಒರೆಗಾನೊ, ಲ್ಯಾವೆಂಡರ್ ಬೇರೆಯೇ ಕುಲ. ಇವು ಮೆಡಿಟರೇನಿಯನ್ ಕಡೆಯ ಕಲ್ಲು ಗುಡ್ಡಗಳಲ್ಲಿ, ಸುಣ್ಣದ ಬಡ ಮಣ್ಣಿನಲ್ಲಿ, ಉರಿ ಬಿಸಿಲಲ್ಲಿ ಬಾಳಿ ಬಂದವು. ಇವಕ್ಕೆ ಪ್ರೀತಿಯಿಂದ ಬುಟ್ಟಿ ಗೊಬ್ಬರ ಸುರಿದರೆ, ಅದು ಎಂಥ ಶುದ್ಧ ಸಾವಯವ ಆಗಿರಲಿ, ಕಾಂಡ ಮೆತ್ತಗಾಗಿ ಉದ್ದುದ್ದ ಬೆಳೆದು ಬಾಗುತ್ತದೆ. ಎಲೆಯಲ್ಲಿ ಹುಲ್ಲಿನ ವಾಸನೆ ಬರುತ್ತದೆ. ವರ್ಷಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಸಾಕು. ಆ ಹಿಡಿಗಿಂತ ಮರಳು, ಸಣ್ಣ ಕಲ್ಲು ಇವಕ್ಕೆ ಮುಖ್ಯ. ದೊಡ್ಡಪತ್ರೆಯೂ ಹೀಗೇ, ಜಾಸ್ತಿ ಮುದ್ದು ಬೇಡದ ಗಿಡ. ಅಮೋನಿಯಂ ಸಲ್ಫೇಟ್ ಎಂಬ ರಾಸಾಯನಿಕ ಗೊಬ್ಬರದ ಬಗ್ಗೆ ಒಂದು ಮಾತು. ಅದು ಮಣ್ಣನ್ನು ಹುಳಿ ಮಾಡುತ್ತಾ ಹೋಗುತ್ತದೆ, ಹಾಗಾಗಿ ಸುಣ್ಣದ ಮಣ್ಣು ಬಯಸುವ ಲ್ಯಾವೆಂಡರಿಗೆ ಅದು ಆಗಿಬರುವುದಿಲ್ಲ.

ನಿಮ್ಮ ಲೇಖನದ ಒಂದು ಸಲಹೆಗೆ ಮಾತ್ರ ನನ್ನ ಗಟ್ಟಿ ತಕರಾರು ಇದೆ. ಹಸಿ ಸಗಣಿಯನ್ನು ನೀರಲ್ಲಿ ಕದಡಿ ಪುದೀನ, ಕೊತ್ತಂಬರಿಯ ಮೇಲೆ ಎರಚಿ ಅಂತ ಬರೆದಿದ್ದರು. ದಯವಿಟ್ಟು ಬೇಡ. ಈ ಸೊಪ್ಪನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. ಹಸಿ ಸಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಎಲೆಯ ಸುಕ್ಕಿನಲ್ಲಿ ಕೂತರೆ ಅವು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಸಾವಯವ ಕೃಷಿಯ ನಿಯಮವೇ ಈ ವಿಷಯದಲ್ಲಿ ಬಿಗಿಯಾಗಿದೆ. ತಿನ್ನುವ ಭಾಗ ಮಣ್ಣಿಗೆ ತಾಗುವಂತಿದ್ದರೆ ಹಸಿ ಗೊಬ್ಬರ ಮಣ್ಣಿಗೆ ಸೇರಿಸಿದ ಮೇಲೆ ಕೊಯ್ಲಿಗೆ 120 ದಿನ ಕಾಯಬೇಕು, ತಾಗದಿದ್ದರೆ 90 ದಿನ. ಪುದೀನವನ್ನು ಅಷ್ಟು ದಿನ ಕೊಯ್ಯದೆ ಯಾರು ಕಾಯುತ್ತಾರೆ? ಕಾಂಪೋಸ್ಟ್ ಮಾಡಿಯೇ ಹಾಕಿ. ಗುಡ್ಡೆಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಮೇಲೆ ಬಿಸಿ ಏರಬೇಕು. ಅದೇ ನಿಯಮದ ಪ್ರಕಾರ ಬಯಲಲ್ಲಿ ಸಾಲು ಗುಡ್ಡೆ ಹಾಕಿದ್ದರೆ ಆ ಬಿಸಿ 15 ದಿನ ಇರಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ಹೊರಗಿನ ಅಂಚು ತಣ್ಣಗೇ ಇರುತ್ತದೆ, ಅದಕ್ಕೇ ಮಗುಚುವ ಕೆಲಸ. ಗುಡ್ಡೆಯಲ್ಲಿ ಒಣ ಎಲೆ, ಹಸಿರು ಸೊಪ್ಪು, ಸಗಣಿ ಸೇರಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಬಿಸಿ ತಾನಾಗಿ ಏರುತ್ತದೆ. ಬರೀ ಮರದ ಹೊಟ್ಟು ಸುರಿದರೆ ಉಲ್ಟಾ ಆಗುತ್ತದೆ. ಅದನ್ನು ಕೊಳೆಸಲು ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ.

ರಾಸಾಯನಿಕದ ಪಕ್ಷದವರಿಗೂ ಒಂದು ಮಾತು ಬಾಕಿ ಇದೆ. ಗಿಡಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂದಮಾತ್ರಕ್ಕೆ ಭೂಮಿಗೂ ಗೊತ್ತಾಗುವುದಿಲ್ಲ ಅಂತಲ್ಲ. ಹೇಬರ್-ಬಾಶ್ ವಿಧಾನದಲ್ಲಿ ಗಾಳಿಯ ಸಾರಜನಕವನ್ನು ಹಿಡಿದು, ಜಲಜನಕದ ಜೊತೆ ಸೇರಿಸಿ, ಗೊಬ್ಬರಕ್ಕೆ ಬೇಕಾದ ಅಮೋನಿಯ ಮಾಡುವ ಮೊದಲ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಶುರುವಾಯಿತು. ಇವತ್ತು ಅದಕ್ಕೆ ಬೇಕಾದ ಜಲಜನಕ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ಬರುತ್ತದೆ. ಹೊಲದಲ್ಲಿ ಮಿಕ್ಕ ಸಾರಜನಕದಲ್ಲಿ ಒಂದಿಷ್ಟು ಅಂತರ್ಜಲಕ್ಕೆ ಇಳಿಯುತ್ತದೆ, ಒಂದಿಷ್ಟು ಭೂಮಿಯ ಬಿಸಿ ಏರಿಸುವ ನೈಟ್ರಸ್ ಆಕ್ಸೈಡ್ ಅನಿಲ ಆಗಿ ಮೇಲೇರುತ್ತದೆ. ಕೊಟ್ಟಿಗೆ ಗೊಬ್ಬರ ಅತಿಯಾದರೂ ಇವೆರಡೂ ಆಗುತ್ತವೆ, ಅದನ್ನು ಸಾವಯವದವರು ಹೇಳುವುದಿಲ್ಲ.

ಗೊಬ್ಬರದ ಜಗಳದಲ್ಲಿ ಮರೆತೇ ಹೋಗುವ ಸಂಗತಿ ಬಿಸಿಲು ಮತ್ತು ಕೊಯ್ಲಿನ ಹೊತ್ತು. ನೆರಳಲ್ಲಿ ಬೆಳೆದ ಕಾಮಕಸ್ತೂರಿಗೆ ಯಾವ ಗೊಬ್ಬರ ಹಾಕಿದರೂ ಬಿಸಿಲಿನದರ ಘಾಟು ಬರುವುದಿಲ್ಲ. ಪುದೀನ, ತುಳಸಿಯ ಬಳಗವನ್ನು ಹೂವು ಶುರುವಾಗುವ ಹೊತ್ತಿಗೆ, ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮುಂಚೆ ಕೊಯ್ದರೆ ಎಣ್ಣೆ ಚೆನ್ನಾಗಿ ಸಿಗುತ್ತದೆ. ಮಳೆ ಸುರಿದ ಮಾರನೇ ದಿನ ತಂದ ಸೊಪ್ಪನ್ನು ನಾನು ಭಟ್ಟಿಗೆ ಹಾಕುವ ಮುಂಚೆ ನೆರಳಲ್ಲಿ ಹರವಿ ಬಾಡಿಸುತ್ತೇನೆ. ಬೆಳೆಗಾರರಿಗೆ ಅದು ಬೇಸರ, ತೂಕ ಇಳಿಯುತ್ತದೆ ಅಂತ. ಇಳಿಯುವುದು ನೀರು ಮಾರಾಯರೇ ಅಂತ ಪ್ರತಿ ಸಲ ಹೇಳುತ್ತೇನೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ. ಗೊಬ್ಬರದ ಸಲಹೆ ಅಚ್ಚು ಹಾಕುವಾಗ ಯಾವ ಗಿಡಕ್ಕೆ, ಕುಂಡಕ್ಕೋ ನೆಲಕ್ಕೋ, ಎಷ್ಟು ಗ್ರಾಂ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಲೇಖಕರಿಂದ ಬರೆಸಿ. 'ಸ್ವಲ್ಪ', 'ಬೇಕಾದಷ್ಟು' ಎಂಬ ಮಾತುಗಳಿಗೆ ಕತ್ತರಿ ಹಾಕಿ. ಹಸಿ ಸಗಣಿಯ ಸಲಹೆಗೆ ಒಂದು ತಿದ್ದುಪಡಿಯನ್ನೂ ಅದೇ ಪುಟದಲ್ಲಿ ಹಾಕಿದರೆ ಒಳ್ಳೆಯದು.

ಹೋದ ವಾರ ಅದೇ ಪುಟದಲ್ಲಿ ಕುಂಡದ ರೋಸ್‌ಮೆರಿ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ ಎಂದು ಓದುಗರೊಬ್ಬರು ಕೇಳಿದ್ದರು. ಯಾರೂ ಉತ್ತರಿಸಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಸದ್ಯಕ್ಕೆ ಯಾವುದೂ ಬೇಡಮ್ಮಾ. ಕುಂಡವನ್ನು ಎತ್ತಿ ತಳದ ತೂತು ಮುಚ್ಚಿಕೊಂಡಿದೆಯಾ ನೋಡಿ. ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಬೆರಳು ಎರಡು ಗೆಣ್ಣು ಇಳಿಸಿದಾಗ ಮಣ್ಣು ಒಣಗಿ ಸಿಕ್ಕರೆ ಮಾತ್ರ ನೀರು ಹಾಕಿ. ಬೇರು ಕಪ್ಪಾಗಿ ಮೆತ್ತಗಾಗಿದ್ದರೆ ಅದನ್ನು ಕತ್ತರಿಸಿ, ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿದ ಮಣ್ಣಿಗೆ ಬದಲಿಸಿ ಬಿಸಿಲಿಗೆ ಇಡಿ. ಹೊಸ ಚಿಗುರು ಕಾಣುವ ತನಕ ಸಾವಯವದ್ದಾಗಲಿ ರಾಸಾಯನಿಕದ್ದಾಗಲಿ, ಯಾವ ಚೀಲವನ್ನೂ ಬಿಚ್ಚಬೇಡಿ.

ಇಂತಿ,
ಎಣ್ಣೆ ಭಟ್ಟಿ ನಡೆಸುವ ನಿಮ್ಮ ಒಬ್ಬ ಓದುಗ